ಪಂಕ್ತಿಸೇವೆ ಮತ್ತು ಎಲ್‌ಡಿಎಲ್

ನಮ್ಮ ಸೀಮೆಯಲ್ಲಿ ಬನದ ಹುಣ್ಣಿಮೆ ಬಂತೆಂದರೆ ಕೊಲೆಸ್ಟ್ರಾಲಿಗೆ ರಜೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಉತ್ಸವ, ನಾಲ್ಕನೆಯ ದಿನ ಪಂಕ್ತಿಸೇವೆ. ಕೊಳ್ಳೇಗಾಲ, ಹನೂರು, ಯಳಂದೂರಿನವರಷ್ಟೇ ಅಲ್ಲ, ಮಂಡ್ಯ ಕಡೆಯವರೂ ಬಯಲಲ್ಲಿ ಬಿಡಾರ ಹೂಡಿ, ಬಾಡು ಬೇಯಿಸಿ, ಜಾತಿ ಕೇಳದೆ ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ. ಅಂಥ ಪಂಕ್ತಿಯಲ್ಲಿ ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲಿನ ಮಾತೆತ್ತುವುದು ಮರ್ಯಾದೆಯಲ್ಲ.

ನಮ್ಮ ಸೋದರಮಾವ ಡಾಕ್ಟರಿಗೂ ಹೀಗೇ ಹೇಳಿದರು: “ಅದು ಊಟ ಅಲ್ಲ ಸಾ, ಸೇವೆ.”

ಡಾಕ್ಟರು ನಕ್ಕರು. ವರ್ಷಕ್ಕೊಂದು ಪಂಕ್ತಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ದಿನಾ ಸಂಜೆ ಬೇಕರಿಯ ಪಫ್ಸಿನ ಮೇಲಿತ್ತು. ಪಫ್ಸಿಗೆ ಹಾಕುವ ವನಸ್ಪತಿಯ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರಿಂದ ದೇಶದಲ್ಲಿದೆ. ಮಾವನ ಪಫ್ಸಿಗೆ ಮಾತ್ರ ಮಿತಿ ಹಾಕಿದವರಿರಲಿಲ್ಲ.

ಮಾವ ಸಣಕಲು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೇ ಹತ್ತುವವರು. ಕೊಬ್ಬು ದಪ್ಪಗಿದ್ದವರ ಕಾಯಿಲೆ ಎಂದೇ ನಂಬಿದ್ದರು. ರಿಪೋರ್ಟಿನಲ್ಲಿ ಎಲ್‌ಡಿಎಲ್ 172, ಪಕ್ಕದಲ್ಲೊಂದು ದಪ್ಪ ನಕ್ಷತ್ರ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮಾದಪ್ಪನ ಪಟದ ಹಿಂದೆ ಸಿಕ್ಕಿಸಿದರು. ವಿಭೂತಿ ಉದುರಿ ನಕ್ಷತ್ರ ಮಸುಕಾಯಿತು, 172 ಹಾಗೇ ಉಳಿಯಿತು. ಕೊಲೆಸ್ಟ್ರಾಲಿನ ಬಹುಪಾಲನ್ನು ನಮ್ಮ ಪಿತ್ತಜನಕಾಂಗವೇ ತಯಾರಿಸುತ್ತದೆ. ಕೆಲವು ಮನೆತನಗಳಲ್ಲಿ ಅದು ವಂಶದಿಂದಲೇ ಜಾಸ್ತಿ. ನೋವಿಲ್ಲ, ಸುಸ್ತಿಲ್ಲ, ಸಾಮಾನ್ಯವಾಗಿ ರಕ್ತ ಪರೀಕ್ಷೆಯಲ್ಲದೆ ಬೇರೆ ಗುರುತೂ ಇಲ್ಲ. ಸಾಮಾನ್ಯರಿಗೆ ಎಲ್‌ಡಿಎಲ್ 100ರ ಒಳಗಿರಬೇಕು, ಹೃದಯಾಘಾತ ಆದವರಿಗೆ 70ಕ್ಕಿಂತಲೂ ಕೆಳಗೆ. ಎಚ್‌ಡಿಎಲ್ ಒಳ್ಳೆಯದು, ಎಲ್‌ಡಿಎಲ್ ಕೆಟ್ಟದ್ದು ಎಂದು ಡಾಕ್ಟರು ವಿವರಿಸಿದಾಗ ಮಾವ ತಲೆದೂಗಿದರು: “ಒಂದೇ ಮನೇಲಿ ಒಳ್ಳೇವ್ನೂ ಕೆಟ್ಟೋನೂ ಇರದು ನಮ್ಗೇನ್ ಹೊಸ್ದಾ?”

ಅತ್ತೆ ಅಡುಗೆಮನೆಯಲ್ಲಿ ಸುಧಾರಣೆಗೆ ಇಳಿದರು. ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದ ಎಣ್ಣೆ ಬಂತು. ಕಾಳಿನಿಂದ, ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟಿರುವುದಿಲ್ಲ. ಆ ಲೆಕ್ಕಕ್ಕೆ ಕೊಳ್ಳೇಗಾಲದ ರೇಷ್ಮೆ ಸೀರೆಗೂ ಇದೇ ಚೀಟಿ ಅಂಟಿಸಬಹುದು. ಕೊಲೆಸ್ಟ್ರಾಲ್ ಇಲ್ಲವಲ್ಲ ಎಂದು ಅತ್ತೆ ಬೋಂಡಾವನ್ನು ಧಾರಾಳವಾಗಿ ಕರಿದರು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ನಮ್ಮ ಕಡೆ ಒಲೆ ಹಚ್ಚದ ಮನೆಗಳಿದ್ದವು. ಅವರ ತಾತ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ನಮ್ಮ ಮಗ್ಗುಲಿನ ಊರು. ಆ ವಾರ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಮುಗಿಬಿದ್ದರು. ನಮ್ಮ ಭಾವನೂ ಹೋಗಿ, ಇಸಿಜಿ ಸರಿಯಿದೆ ಎನ್ನಿಸಿಕೊಂಡು ಬಂದ. ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂರುತ್ತಾ ಬರುವ ಜಿಡ್ಡು ಇಸಿಜಿಯಲ್ಲಿ ಕಾಣುವುದಿಲ್ಲ ಎಂದರೆ ಅವನಿಗೆ ಕೋಪ. ಪುನೀತ್ ಹೆಸರಲ್ಲೇ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ ಬಂದಿದೆ. ಎದೆ ಹಿಡಿದುಕೊಂಡು ಬಂದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. ಬೆಟ್ಟದ ತಪ್ಪಲಿನ ಹಳ್ಳಿಯವರು ಮೈಸೂರು ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ. ನನಗಂತೂ ಈ ಯೋಜನೆ ಯಾವ ಪ್ರತಿಮೆಗಿಂತಲೂ ದೊಡ್ಡ ಸ್ಮಾರಕ.

ಇತ್ತ ಮಾವನಿಗೆ ಡಾಕ್ಟರು ಬರೆದದ್ದು ಎಲ್‌ಡಿಎಲ್ ಇಳಿಸಲು ರಾತ್ರಿ ಒಂದು ಸ್ಟ್ಯಾಟಿನ್ ಮಾತ್ರೆ. ಈ ಜಾತಿಯ ಔಷಧಿಯ ಮೂಲ ಬೂಷ್ಟು. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಜಾಲಾಡಿ ಕಂಡುಹಿಡಿದದ್ದು. 1987ರಲ್ಲಿ ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. “ಬೂಷ್ಟ್ ಹಿಡ್ದದ್ನ ನಾವ್ ತಿಪ್ಪೆಗ್ ಹಾಕ್ತೀವಿ” ಎಂದರು ಅತ್ತೆ.

ಮೂರು ತಿಂಗಳಿಗೆ 94 ಬಂತು. ವಾಸಿಯಾಯಿತೆಂದು ಮಾವ ಮಾತ್ರೆ ಬಿಟ್ಟರು. ಮುಂದಿನ ಪರೀಕ್ಷೆಯಲ್ಲಿ ಮತ್ತೆ 160 ದಾಟಿತ್ತು. “ಯಜಮಾನ್ರೇ, 94 ಮಾತ್ರೇದು, ನಿಮ್ದಲ್ಲ” ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ಅತ್ತೆಯ ರಕ್ತವನ್ನೂ ತೆಗೆಸಿದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಎಲ್‌ಡಿಎಲ್ ಏರುತ್ತದೆ, ಯಾರೂ ನೋಡಿಸುವುದಿಲ್ಲವಂತೆ. ಅತ್ತೆಗೆ 188.

ಈಗ ಬೋಂಡಾಕ್ಕೆ ಕಾವಲು ಮಾವ. ಮಾತ್ರೆ ಇಬ್ಬರದೂ ಒಂದೇ ಡಬ್ಬಿಯಲ್ಲಿ. ಹತ್ತು ಎಂಜಿ ಯಾರದು, ಇಪ್ಪತ್ತು ಯಾರದು ಎಂದು ದಿನಾ ರಾತ್ರಿ ಪಂಚಾಯಿತಿ.