ಮ್ಯಾನೇಜ್‌ಮೆಂಟ್ ಅಂಕಲ್

ಕೊನೆಯ ಓವರಿನಲ್ಲಿ ಫುಲ್‌ಟಾಸ್ ಹಾಕಿ ಸಿಕ್ಸರ್ ಹೊಡೆಸಿಕೊಂಡರೆ ಬೇರೆ ಊರಿನವರು ಬೌಲರನಿಗೆ ಬಯ್ಯುತ್ತಾರೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಹಾಗಿಲ್ಲ. ಅಲ್ಲಿ ಟಿ.ವಿ. ಎದುರು ಕೂತ ಹಿರಿಯರೊಬ್ಬರು ಕನ್ನಡಕ ತೆಗೆದು, ಲುಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಪಾಪ, ಆ ಹುಡುಗ ಏನ್ ಮಾಡ್ತಾನೆ? ಮ್ಯಾನೇಜ್‌ಮೆಂಟೇ ಸರಿ ಇಲ್ಲ" ಎನ್ನುತ್ತಾರೆ.

ಇವರೇ ಮ್ಯಾನೇಜ್‌ಮೆಂಟ್ ಅಂಕಲ್. ಒಬ್ಬರೇ ಅಂತಲ್ಲ, ರಸ್ತೆಗೊಬ್ಬರಾದರೂ ಸಿಗುತ್ತಾರೆ. ಊರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು, ಕಾರ್ಖಾನೆಯ ಕ್ವಾರ್ಟರ್ಸನ್ನೇ ಲೀಸಿಗೆ ಪಡೆದು ಉಳಿದವರು. ಹಿತ್ತಲಲ್ಲಿ ಎರಡು ತೆಂಗು, ಒಂದು ಕರಿಬೇವು, ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಆರ್‌ಸಿಬಿ ಅಭಿಮಾನಿ. ಆದರೆ ಕೊಹ್ಲಿಯ ಕವರ್ ಡ್ರೈವ್ ಬಗ್ಗೆ ಇವರ ಬಾಯಲ್ಲಿ ಒಂದು ಮಾತೂ ಬರುವುದಿಲ್ಲ. ಸಿಇಒ ಯಾರು, ಕೋಚ್ ಯಾರು, ಡೈರೆಕ್ಟರ್ ಯಾರಿಗೆ ರಿಪೋರ್ಟ್ ಮಾಡಬೇಕು, ಯಾರ ಫೈಲು ಯಾರ ಟೇಬಲ್ಲಿನಲ್ಲಿ ಕೊಳೆಯುತ್ತಿದೆ, ಕ್ರಿಕೆಟ್ ಅಂದರೆ ಇವರಿಗೆ ಇಷ್ಟೇ. ಮ್ಯಾಚನ್ನು ಗ್ರೌಂಡಿನಲ್ಲಿ ಆಡುತ್ತಾರೆ, ಆಫೀಸಿನಲ್ಲಿ ಸೋಲುತ್ತಾರೆ ಎಂಬುದು ಅವರ ಸಿದ್ಧಾಂತ.

ಇದು ಹುಟ್ಟುಗುಣವಲ್ಲ, ಊರು ಕಲಿಸಿದ್ದು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೈಲ್‌ನಲ್ಲಿ ವಿಲೀನವಾಯಿತು. 2016ರಲ್ಲಿ ಕೇಂದ್ರ ಅದನ್ನು ಮಾರುವುದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಆಸಕ್ತರಿದ್ದರೆ ಬನ್ನಿ ಎಂದು ಕರೆಯಿತು. 2022ರಲ್ಲಿ, ಮಾರುವುದಿಲ್ಲ ಎಂದಿತು. ಮಾರುವುದಿಲ್ಲವಂತೆ ಎಂದು ಊರು ಉಸಿರು ಬಿಡುವಷ್ಟರಲ್ಲಿ, 2023ರ ಜನವರಿಯಲ್ಲಿ, ಹಾಗಾದರೆ ಮುಚ್ಚುತ್ತೇವೆ ಎಂದಿತು. ಅದು ಕಾರ್ಖಾನೆಗೆ ನೂರು ತುಂಬಿದ ತಿಂಗಳು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅತ್ತ ಪೇಪರ್ ಟೌನ್‌ನ ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲೇ ನಿಂತಿತ್ತು. ಇಷ್ಟನ್ನು ಕಂಡ ಮನುಷ್ಯ ಸ್ಕೋರ್‌ಬೋರ್ಡ್ ನೋಡುತ್ತಾನೆಯೇ? ಅದರ ಹಿಂದೆ ಕೂತವರು ಯಾರು ಅಂತ ಇಣುಕುತ್ತಾನೆ.

ನಮ್ಮ ಅಂಕಲ್ ಬಳಿ ಒಂದು ಹಳೆಯ ಶಿಫ್ಟ್ ಡೈರಿ ಇದೆ. ಮೊದಲ ಪುಟಗಳಲ್ಲಿ ಹಾಜರಿ, ಓವರ್‌ಟೈಮ್ ಲೆಕ್ಕ. ತಿರುವಿ ಹಿಂದಿನಿಂದ ನೋಡಿದರೆ ಆರ್‌ಸಿಬಿ. ಕೆಂಪು ಬಾಲ್‌ಪೆನ್ನಿನಲ್ಲಿ ಬರೆದ ಮೊದಲ ನಮೂದು 2008ರ ಏಪ್ರಿಲ್ 18ರದು. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಮೆಕಲಮ್ ಒಬ್ಬನೇ 158, ನಮ್ಮವರೆಲ್ಲ ಸೇರಿ 82. ಅದರ ಮುಂದೆ ಅಂಕಲ್ ಬರೆದದ್ದು ಮೆಕಲಮ್ ಬಗ್ಗೆ ಅಲ್ಲ. 'ಚಾರು ಶರ್ಮಾ ಹೋಗ್ತಾರೆ' ಅಂತ. ಮೇ ತಿಂಗಳಲ್ಲಿ ಸೀಸನ್ ಇನ್ನೂ ನಡೆಯುತ್ತಿರುವಾಗಲೇ ಸಿಇಒ ಚಾರು ಶರ್ಮಾ ಹೋದರು, ಬ್ರಿಜೇಶ್ ಪಟೇಲ್ ಬಂದರು. ತಂಡ ಆರಿಸಿದ್ದರ ಬಗ್ಗೆ ಮಾಲೀಕ ಮಲ್ಯ ಬಹಿರಂಗವಾಗಿಯೇ ನಾಯಕ ದ್ರಾವಿಡ್ ಕಡೆಗೂ ಬೆರಳು ತೋರಿಸಿದರು. ಆ ಪುಟದಲ್ಲಿ ಕೆಂಪು ಗೆರೆ ಎರಡು ಸಲ ಎಳೆದಿದೆ. ಒಂದು ಭವಿಷ್ಯ ನಿಜವಾದದ್ದಕ್ಕೆ, ಇನ್ನೊಂದು ದ್ರಾವಿಡನನ್ನು ಅಂದದ್ದಕ್ಕೆ.

"ಜನರಲ್ ಮ್ಯಾನೇಜರ್ ಬದಲಾದ ಕೂಡಲೇ ಫೋರ್‌ಮನ್‌ನ ಬಯ್ಯೋದು ಹಳೇ ಪದ್ಧತಿ ಕಣಯ್ಯ" ಎಂದು ಪಕ್ಕದ ಮನೆಯ ಹುಡುಗನಿಗೆ ಅವರು ವಿವರಿಸುವುದುಂಟು. ಹುಡುಗ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೆ ಬಂದಾಗ ಸಿಕ್ಕಿಬೀಳುತ್ತಾನೆ. ಅವನಿಗೆ ಬೇಕಾದದ್ದು ಕಪ್. ಅಂಕಲ್ಲಿಗೆ ಬೇಕಾದದ್ದು ಅದು ಬರದಿದ್ದುದರ ಕಡತ.

ಕಡತದಲ್ಲಿ ದಪ್ಪನೆಯ ಅಧ್ಯಾಯ 2018ರದು. ಆ ಸಲ ಉಳಿಸಿಕೊಂಡದ್ದು ಮೂವರನ್ನು: ಹದಿನೇಳು ಕೋಟಿಗೆ ಕೊಹ್ಲಿ, ಹನ್ನೊಂದು ಕೋಟಿಗೆ ಡಿವಿಲಿಯರ್ಸ್, ಒಂದೂಮುಕ್ಕಾಲು ಕೋಟಿಗೆ ಸರ್ಫರಾಜ್. ನಮ್ಮ ರಾಹುಲ್ ಪಂಜಾಬಿಗೆ, ಹಿಂದೆಯೇ ಗೇಲ್ ಕೂಡ ಪಂಜಾಬಿಗೆ. ಅಂಕಲ್ ಆ ದಿನ ಊಟ ಬಿಟ್ಟರು ಎಂದು ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ. ಬಿಟ್ಟದ್ದು ಎರಡನೇ ಸಲದ ಸಾರು ಮಾತ್ರ. ಆದರೆ ಏಳು ವರ್ಷದ ಮೇಲೆ, 2025ರ ಏಪ್ರಿಲ್ 10ರಂದು, ಅದೇ ರಾಹುಲ್ ಡೆಲ್ಲಿಯ ಪರವಾಗಿ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, 'ಕಾಂತಾರ'ದ ಹಾಗೆ ನೆಲದ ಮೇಲೆ ವೃತ್ತ ಬರೆದು ಬ್ಯಾಟು ಊರಿದಾಗ ಅಂಕಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರ್‌ಸಿಬಿ ಸೋತಿತ್ತು. ಮನೆಯವರು ಅಡುಗೆಮನೆಯಿಂದ, "ರೀ, ನಮ್ಮೋರು ಗೆದ್ರಾ?" ಎಂದರು. "ಗೆದ್ದ" ಎಂದರು ಇವರು, ಏಕವಚನದಲ್ಲಿ.

2020ರ ಫೆಬ್ರವರಿಯಲ್ಲಿ ಆರ್‌ಸಿಬಿಯ ಸಾಮಾಜಿಕ ಜಾಲತಾಣದ ಖಾತೆಗಳಿಂದ ಲಾಂಛನ, ಚಿತ್ರ, ಹಳೆಯ ಪೋಸ್ಟುಗಳೆಲ್ಲ ರಾತ್ರೋರಾತ್ರಿ ಮಾಯವಾದವು. ನಾಯಕ ಕೊಹ್ಲಿಯೇ, ನನಗೂ ಹೇಳಲಿಲ್ಲವಲ್ಲ ಎಂಬ ಧಾಟಿಯಲ್ಲಿ ಟ್ವೀಟ್ ಮಾಡಿದರು. ಹುಡುಗರೆಲ್ಲ ಏನೋ ಗಮ್ಮತ್ತಿದೆ ಎಂದು ಕಾದರು. ಅಂಕಲ್ ಬೆವರಿದರು. ಬೋರ್ಡು ಕೆಳಗಿಳಿಸುವುದು ಯಾವಾಗ ಎಂದು ನ್ಯೂ ಟೌನಿನವರಿಗೆ ಹೇಳಿಕೊಡಬೇಕೆ? "ಮಾರಾಟಕ್ಕೇ ಇಟ್ಟಿದಾರೆ, ನೋಡ್ತಿರು" ಎಂದು ಡಬಲ್ ರೋಡಿನುದ್ದಕ್ಕೂ ಸುದ್ದಿ ಹಬ್ಬಿಸಿದರು. ಫೆಬ್ರವರಿ 14ರಂದು ಹೊಸ ಲೋಗೊ ಬಂತು. ಸಿಂಹ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೇ. ಭವಿಷ್ಯ ಸುಳ್ಳಾಯಿತೆಂದು ಅವರು ಒಪ್ಪಲಿಲ್ಲ. "ಮುಂದಕ್ಕೆ ಹೋಗಿದೆ" ಎಂದರು.

ಮ್ಯಾನೇಜ್‌ಮೆಂಟಿನ ಕೈವಾಡವಿಲ್ಲದೆ ಸೋತ ಪಂದ್ಯವೇ ಇಲ್ಲವೇ ಎಂದು ಕೇಳಿದರೆ ಅಂಕಲ್ ಒಂದನ್ನು ಮಾತ್ರ ಒಪ್ಪುತ್ತಾರೆ. 1980ರ ಫೆಬ್ರವರಿ, ಮುಂಬೈ, ಸುವರ್ಣ ಮಹೋತ್ಸವ ಟೆಸ್ಟ್. ನಾಯಕ ಜಿ.ಆರ್. ವಿಶ್ವನಾಥ್, 1949ರಲ್ಲಿ ಇದೇ ಭದ್ರಾವತಿಯಲ್ಲಿ ಹುಟ್ಟಿದವರು. ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ನನ್ನು, ಬ್ಯಾಟಿಗೆ ತಾಗಿಲ್ಲ ಎಂದು ವಿಶಿ ತಾವಾಗಿ ವಾಪಸು ಕರೆದರು. ಟೇಲರ್ ಬೋಥಮ್ ಜೊತೆ ನಿಂತು ಆಟ ತಿರುಗಿಸಿದ, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. "ಅದು ಅವನ ತೀರ್ಮಾನ, ಯಾವ ಆಫೀಸ್ ಆರ್ಡರೂ ಅಲ್ಲ" ಎನ್ನುವಾಗ ಅಂಕಲ್ ದನಿ ಕೊಂಚ ಒದ್ದೆಯಾಗುತ್ತದೆ. ಊರ ಹುಡುಗ ಎಂಬ ಪಕ್ಷಪಾತವೂ ಸೇರಿದೆ ಎನ್ನಿ.

ಈ ರೋಗ ಆರ್‌ಸಿಬಿಗೇ ಸೀಮಿತ ಎಂದುಕೊಂಡಿದ್ದವರ ಕಣ್ಣು ತೆರೆಸಿದ್ದು ಅಂಕಲ್ ಮಗ. ಟೆಕ್ಸಸ್‌ನ ಡಲ್ಲಾಸ್ ಬಳಿ ಇರುವ ಸಾಫ್ಟ್‌ವೇರ್ ಎಂಜಿನಿಯರ್. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಮ್ಯಾವರಿಕ್ಸ್‌ನ ಭಕ್ತ. 2025ರ ಫೆಬ್ರವರಿಯ ಆರಂಭದಲ್ಲಿ ಒಂದು ಭಾನುವಾರ ಫೋನ್ ಮಾಡಿದವನ ಸ್ವರ ಕೇಳಿ ಅಮ್ಮನ ಎದೆ ಧಸಕ್ಕೆಂದಿತು. ಕೆಲಸ ಹೋಯಿತೆ, ವೀಸಾ ಹೋಯಿತೆ? ಹೋಗಿದ್ದು ಲೂಕಾ ಡಾನ್ಚಿಚ್. ಇಪ್ಪತ್ತೈದು ವರ್ಷದ ಹುಡುಗ, ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್ಲಿಗೆ ಒಯ್ದವನು. ಅವನನ್ನು ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಮಧ್ಯರಾತ್ರಿಯ ಹೊತ್ತಿಗೆ ಲೇಕರ್ಸ್‌ಗೆ ಕೊಟ್ಟು, ಮೂವತ್ತೊಂದರ ಆಂಥೊನಿ ಡೇವಿಸ್‌ನನ್ನು ತಂದಿದ್ದರು.

"ಅಭಿಮಾನಿಗಳು ಸ್ಟೇಡಿಯಂ ಮುಂದೆ ಶವಪೆಟ್ಟಿಗೆ ಇಟ್ಟಿದಾರೆ ಅಪ್ಪ!"

"ಶಾಮಿಯಾನ ಹಾಕಿದಾರಾ?"

"ಇಲ್ಲ."

"ಹಾಗಾದ್ರೆ ಎರಡೇ ದಿನ. ಶಾಮಿಯಾನ, ಮೈಕು ಇಲ್ಲದ ಧರಣಿ ನಿಲ್ಲಲ್ಲ" ಎಂದು ಅಂಕಲ್ ಅನುಭವ ಧಾರೆಯೆರೆದರು. ಅದು ಮಾತ್ರ ತಪ್ಪಾಯಿತು. ನಿಕೊನನ್ನು ತೆಗೀರಿ ಎಂಬ ಕೂಗು ಡಲ್ಲಾಸಿನ ಅಂಕಣದಲ್ಲಿ ಆ ಸೀಸನ್ ದಾಟಿ ಮುಂದಿನ ಸೀಸನ್ನಿಗೂ ನಡೆಯಿತು. ಏಪ್ರಿಲ್‌ನಲ್ಲಿ ಡಾನ್ಚಿಚ್ ಎದುರಾಳಿಯಾಗಿ ಬಂದು, ಹಳೆಯ ವಿಡಿಯೊ ನೋಡಿ ಬೆಂಚಿನಲ್ಲಿ ಅತ್ತು, ಆಮೇಲೆ 45 ಪಾಯಿಂಟ್ ಹಾಕಿದ. ಮರುದಿನವೇ ಇತ್ತ ರಾಹುಲನ ವೃತ್ತ. ಅಪ್ಪ ಮಗ ಆ ವಾರ ಮಾತಾಡಿದಷ್ಟು ಹತ್ತು ವರ್ಷದಲ್ಲಿ ಮಾತಾಡಿರಲಿಲ್ಲ.

ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಆರ್‌ಸಿಬಿ ಕಪ್ ಗೆದ್ದೇಬಿಟ್ಟಿತು. ಹದಿನೆಂಟನೇ ವರ್ಷ. ನ್ಯೂ ಟೌನ್‌ನಲ್ಲಿ ಪಟಾಕಿ ಹೊಡೆಯುತ್ತಿದ್ದರೆ ಅಂಕಲ್ ಡೈರಿ ಹಿಡಿದು ಕೂತಿದ್ದರು. ಗೆದ್ದಾಗ ಏನು ಬರೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ಆ ಸಂಜೆ ಪಕ್ಕದ ಮನೆಯ ಹುಡುಗನ ಫೋನು ಸಿಗುವವರೆಗೆ ಅಂಕಲ್ ಜಗಲಿಯಲ್ಲೇ ಇದ್ದರು. ಮ್ಯಾನೇಜ್‌ಮೆಂಟ್ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಆ ಪುಟ ಈಗಲೂ ಖಾಲಿ.

ನವೆಂಬರ್ ಬಂತು. 5ನೇ ತಾರೀಕು, ಆರ್‌ಸಿಬಿಯ ಒಡೆತನ ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ತನ್ನ ಹೂಡಿಕೆಯ 'ಸ್ಟ್ರಾಟೆಜಿಕ್ ರಿವ್ಯೂ' ಮಾಡುತ್ತೇವೆಂದು ಷೇರುಪೇಟೆಗೆ ತಿಳಿಸಿತು. 2026ರ ಮಾರ್ಚ್ 31ರೊಳಗೆ ಮುಗಿಯಬಹುದು ಎಂದಿತು. ಹುಡುಗರಿಗೆ ಅರ್ಥವಾಗಲಿಲ್ಲ. ಅಂಕಲ್ಲಿಗೆ ಅನುವಾದ ಬೇಕಿರಲಿಲ್ಲ. ಆ ಇಂಗ್ಲಿಷು ಅವರ ಕ್ವಾರ್ಟರ್ಸಿನ ಗೋಡೆಗೂ ಗೊತ್ತು. "ಆರು ವರ್ಷದ ಹಿಂದೆನೇ ಹೇಳಿದ್ದೆ" ಎಂದು ಹೊರಟರು ಡಬಲ್ ರೋಡಿನ ಕಡೆ. ನಡಿಗೆಯಲ್ಲಿ ಸಂಬಳದ ದಿನದ ಗತ್ತು.

ವಾರ ಕಳೆದಿರಲಿಲ್ಲ, ಮಗನ ಫೋನು.

"ಅಪ್ಪಾ, ತೆಗೆದ್ರು! ಕೊನೆಗೂ ತೆಗೆದ್ರು!"

"ಯಾರನ್ನೋ?"

"ನಿಕೊ ಹ್ಯಾರಿಸನ್‌ನ. ಇಲ್ಲಿ ಎಲ್ಲರಿಗೂ ಹಬ್ಬ."

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲ, ಗ್ರಾಚ್ಯುಟಿ ಎಲ್ಲ ಕೊಟ್ಟು ಕಳಿಸ್ತಾರಂತಾ ಅವನಿಗೆ?"