ಸ್ಟೆಪ್ ಮಾರ್ಕ್ಸ್ ಮೀಮಾಂಸೆ

ಲೆಕ್ಕ ಬರುವವನು ಪಾಸಾಗುವುದರಲ್ಲಿ ಶಾಸ್ತ್ರವೇನೂ ಇಲ್ಲ. ಬಾರದವನು ಹೇಗೆ ಪಾಸಾಗುತ್ತಾನೆ ಎಂಬಲ್ಲಿಂದ ಮೀಮಾಂಸೆ ಶುರು. ಎಂಜಿನಿಯರಿಂಗಿನಲ್ಲಿ ಎಂ-3 ಎಂಬ ಗಣಿತವನ್ನು ಮೂರು ಸಲ ಬರೆದ ಈ ಪ್ರಬಂಧಕಾರನಿಗೆ ಅದರ ಅಧಿಕಾರವಿದೆಯೆಂದು ವಿನಯಪೂರ್ವಕ ನಿವೇದನೆ.

ವಿಟಿಯು ಪತ್ರಿಕೆಯಲ್ಲಿ ಮಾಡ್ಯೂಲ್ ಐದು, ಮಾಡ್ಯೂಲಿಗೆ 20 ಅಂಕ, ನೂರಕ್ಕೆ 35 ಬಂದರೆ ದಡ. ಪೇಪರು ತಿದ್ದುವವರ ಬಳಿ 'ಸ್ಕೀಮ್' ಇರುತ್ತದೆ: ಸೂತ್ರಕ್ಕಿಷ್ಟು, ಬಿಡಿಸಿದ್ದಕ್ಕಿಷ್ಟು, ಉತ್ತರಕ್ಕಿಷ್ಟು. ಉತ್ತರದ ಪಾಲಿಗೆ ಬರುವುದು ಬರೀ ಚಿಲ್ಲರೆ ಎಂಬುದೇ ಈ ಶಾಸ್ತ್ರದ ಬೀಜಮಂತ್ರ. ಮೈನಸ್ ಪೈಯಿಂದ ಪೈವರೆಗೆ ಫೂರಿಯೇ ಶ್ರೇಣಿ ಕೇಳಿದರೆ ಮೊದಲು ಶ್ರೇಣಿ, ಅದರ ಕೆಳಗೆ ಎ-ನಾಟ್, ಎ-ಎನ್, ಬಿ-ಎನ್ ಸೂತ್ರಗಳನ್ನು ಚೌಕ ಹಾಕಿ ಬರೆಯತಕ್ಕದ್ದು. ಫಂಕ್ಷನ್ ಆಡ್ ಆಗಿದ್ದರೆ ಮೊದಲೆರಡೂ ಸೊನ್ನೆಯೆಂದು ಘೋಷಿಸತಕ್ಕದ್ದು. ಒಂದೇ ಒಂದು ಇಂಟಿಗ್ರೇಷನ್ ಮಾಡದೆ ಮೂರರಲ್ಲಿ ಎರಡು ಮುಗಿದವು! ಉಳಿದ ಬಿ-ಎನ್ ಅನ್ನು ದೇವರಿಗೆ ಬಿಡಬಹುದು.

'ಸಾಧಿಸಿ' ಎಂದರೆ ಇನ್ನೂ ಸಲೀಸು, ಏಕೆಂದರೆ ಊರು ಗೊತ್ತು, ದಾರಿ ಮಾತ್ರ ಗೊತ್ತಿಲ್ಲ. ಎಡಗಡೆಯಿಂದ ನಾಲ್ಕು ಸಾಲು ಇಳಿಯಿರಿ. ಬಲಗಡೆಯಿಂದ ನಾಲ್ಕು ಸಾಲು ಹಿಂದಕ್ಕೆ ಹತ್ತಿ. ನಡುವೆ ಹೊಳೆ ಸಿಗುತ್ತದೆ. ಅಲ್ಲಿ 'ಆದ್ದರಿಂದ' ಎಂಬರ್ಥದ ಮೂರು ಚುಕ್ಕಿ ಇಟ್ಟು ದಾಟಿಬಿಡಿ. ಮೇಲೊಂದು, ಕೆಳಗೆರಡು, ಥೇಟ್ ಒಲೆಗುಂಡಿನ ಹಾಗೆ. ಚುಕ್ಕಿ ಪುಟದ ಕೊನೆಯ ಸಾಲಿನಲ್ಲಿ ಬಿದ್ದು, ಮುಂದಿನ ಹೆಜ್ಜೆ ಮಗ್ಗುಲು ಪುಟದಲ್ಲಿ ಬಂದರೆ ಉತ್ತಮೋತ್ತಮ.

ಇದು ಮೋಸವಲ್ಲವೇ ಎಂದು ಪೂರ್ವಪಕ್ಷ. ಅಲ್ಲವೆಂದು ಸಿದ್ಧಾಂತ. ಎಂ-3ಯಲ್ಲಿ ನಮ್ಮನ್ನು ಕಾಡುವ ಲಾಪ್ಲಾಸ್ ಮಹಾಶಯನೇ ತನ್ನ ಗ್ರಂಥದಲ್ಲಿ 'ಇದು ಸುಲಭವಾಗಿ ಕಾಣುತ್ತದೆ' ಎಂದು ಹಾರಿಕೊಂಡು ಹೋದವನು. ಅದನ್ನು ಇಂಗ್ಲಿಷಿಗೆ ತಂದ ಬೌಡಿಚ್, ಆ ಮಾತು ಬಂದಲ್ಲೆಲ್ಲ ತನಗೆ ಗಂಟೆಗಟ್ಟಲೆ ಕೆಲಸ ಕಾದಿದೆ ಎಂದು ಗೊಣಗಿದ್ದುಂಟು. ಇನ್ನು ರಾಮಾನುಜನ್. 1913ರಲ್ಲಿ ಹಾರ್ಡಿಗೆ ಬರೆದ ಕಾಗದದ ತುಂಬ ಫಲಿತಾಂಶಗಳೇ, ಸಾಧನೆ ಎಲ್ಲೋ ಅಲ್ಲೊಂದು ಇಲ್ಲೊಂದು. ಹಾರ್ಡಿ ಸ್ಕೀಮ್ ಹಿಡಿದು ಕೂತಿದ್ದರೆ ಕುಂಭಕೋಣದ ಹುಡುಗನಿಗೆ ಬ್ಯಾಕ್ ಗ್ಯಾರಂಟಿ.

ಕಡೆಯದು ಆಪದ್ಧರ್ಮ. ನಾಲ್ಕನೇ ಸಾಲಿನಲ್ಲಿ ಛೇದ ಸೊನ್ನೆಯಾದರೆ ಎದೆಗುಂದಬಾರದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದಿದ್ದಾನೆ. ನಾಡಿನ ಪ್ರಾಚೀನ ಪ್ರಮಾಣ! ಎರಡನೇ ಪ್ರಯತ್ನದಲ್ಲಿ ನಾನು ಅದನ್ನು ಮಾರ್ಜಿನ್ನಿನಲ್ಲಿ ಆಚಾರ್ಯರ ಹೆಸರು ಸಮೇತ ನಮೂದಿಸಿದೆ. 31 ಬಂತು. ದುಡ್ಡು ಕಟ್ಟಿ ಮರುಮೌಲ್ಯಮಾಪನಕ್ಕೆ ಹಾಕಿದೆ. ಆಚಾರ್ಯರು ಹೇಳಿದಂತೆಯೇ ಸಂಖ್ಯೆ ಬದಲಾಗದೆ ಹಾಗೇ ಉಳಿಯಿತು.