ಷಡ್ಡಕನ ಕಣ್ಣಳತೆಗೆ ಕಾರು ಕೊಳ್ಳುವ ಕ್ರಮ

ಮೊದಲು ಹಳೆಯ ಕಾರನ್ನು ದ್ವೇಷಿಸಲು ಕಲಿಯಿರಿ. ಇದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ. ಹದಿನಾಲ್ಕು ವರ್ಷ ಓಡಿದ ಪುಟ್ಟ ಹ್ಯಾಚ್‌ಬ್ಯಾಕ್ ಅದು; ನಡುರಾತ್ರಿ ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದಿದೆ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದೆ. ಹಾಗಾಗಿ ಸಣ್ಣದರಿಂದ ಶುರುಮಾಡಿ. ಹಿಂದಿನ ಕಿಟಕಿಯ ಗಾಜು ಅರ್ಧಕ್ಕೇ ನಿಲ್ಲುವುದನ್ನು ದಿನಕ್ಕೊಮ್ಮೆ ಮನೆಯವರ ಕಿವಿಗೆ ಹಾಕಿ. ಆದರೆ ರಿಪೇರಿ ಮಾತ್ರ ಮಾಡಿಸಬೇಡಿ. ಸಾವಿರ ರೂಪಾಯಿಗೆ ಸರಿಹೋಗಿಬಿಟ್ಟರೆ ಹನ್ನೆರಡು ಲಕ್ಷ ಸುರಿಯಲು ನೆಪವೇ ಉಳಿಯುವುದಿಲ್ಲ.

ಈ ದಿನಗಳಲ್ಲಿ ನಿಮ್ಮ ಮೆಕ್ಯಾನಿಕ್ಕಿನ ಗ್ಯಾರೇಜಿನ ಮುಂದೆ ಸುಳಿಯಬೇಡಿ. ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಎಳೆದು, ಭುಜದ ಮೇಲಿನ ಬಟ್ಟೆಗೆ ಒರೆಸಿ, "ಇಂಜಿನ್ ಬೆಣ್ಣೆ ಇದ್ದಂಗಿದೆ ಸಾರ್, ಇನ್ನೂ ಎಂಟು ವರ್ಷ ಏನೂ ಆಗಲ್ಲ" ಎಂದುಬಿಡುವ ಮನುಷ್ಯ ಅವನು. 15 ವರ್ಷ ತುಂಬಿದ ಮೇಲೂ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಬಹುದು ಎಂಬುದೂ ಅವನಿಗೆ ಗೊತ್ತು. ಮನೆಯಲ್ಲಿ ಈ ಮಾತು ಎದ್ದರೆ ದೆಹಲಿಯ ಕಥೆ ಹೇಳಿ: ಅಲ್ಲಿ 10 ವರ್ಷದ ಡೀಸೆಲ್ಲು, 15 ವರ್ಷದ ಪೆಟ್ರೋಲು ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕೆಂದು ಕೋರ್ಟೇ ಹೇಳಿತ್ತು ಎನ್ನಿ. ನೀವಿರುವುದು ಬನಶಂಕರಿಯಲ್ಲಿ ಎಂಬುದನ್ನು ಆ ಹೊತ್ತಿಗೆ ಯಾರೂ ನೆನಪಿಸುವುದಿಲ್ಲ.

ಇನ್ನು ಆಯ್ಕೆ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಎಷ್ಟು ಜನ ಕೂರುತ್ತೀರಿ ಎಂಬ ಲೆಕ್ಕವನ್ನೆಲ್ಲ ಬದಿಗಿಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಷಡ್ಡಕನ ಕಾರು ಯಾವುದು? ನಿಮ್ಮದು ಅದಕ್ಕಿಂತ ಒಂದು ಗೇಣಾದರೂ ಎತ್ತರ ಇರಲಿ. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದಾಗ ಛತ್ರದ ಮುಂದೆ ಎರಡೂ ಅಕ್ಕಪಕ್ಕ ನಿಲ್ಲುವ ದಿನವೊಂದು ಬಂದೇ ಬರುತ್ತದೆ. ಆ ಐದು ನಿಮಿಷಕ್ಕಾಗಿ ಮುಂದಿನ ಏಳು ವರ್ಷದ ಕಂತು.

ಕಾಂಪ್ಯಾಕ್ಟ್ ಎಸ್‌ಯುವಿಯನ್ನೇ ಕೊಳ್ಳಿ. ಹೆಸರಿನಲ್ಲಿ ಚಿಕ್ಕದೂ ಇದೆ, ದೊಡ್ಡದೂ ಇದೆ. ಎರಡಕ್ಕೂ ದುಡ್ಡು ಕೊಡುತ್ತೀರಿ. ಅದರ ಉದ್ದವನ್ನು ಒಮ್ಮೆ ಗಮನಿಸಿ. ಬ್ರೆಝಾ 3995 ಮಿಲಿಮೀಟರ್, ನೆಕ್ಸಾನ್ 3995, ವೆನ್ಯೂ 3995. ಬೇರೆ ಬೇರೆ ಕಂಪನಿಗಳ ಎಂಜಿನಿಯರುಗಳು ಬೇರೆ ಬೇರೆ ಊರಲ್ಲಿ ಕೂತು ಗೆರೆ ಎಳೆದರೂ ಎಲ್ಲರ ಪೆನ್ಸಿಲ್ಲೂ 4 ಮೀಟರಿಗೆ ಐದು ಮಿಲಿಮೀಟರ್ ಇರುವಾಗಲೇ ನಿಂತಿತು. ಇದನ್ನು ವಿನ್ಯಾಸ ಎಂದು ಮೆಚ್ಚಿಕೊಳ್ಳಿ, ತೆರಿಗೆ ಎನ್ನಬೇಡಿ. 4 ಮೀಟರಿನೊಳಗಿದ್ದು ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದಿದ್ದರೆ ಜಿಎಸ್‌ಟಿ ಈಗ ಶೇ. 18, ಒಂದು ಬೆರಳು ಹೊರಗೆ ಚಾಚಿದರೂ ಶೇ. 40. 2022ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಹೆಚ್ಚಿನ ಸೆಸ್ ಹಾಕಲು ಯಾವುದು ಎಸ್‌ಯುವಿ ಎಂದು ನಾಲ್ಕು ಲಕ್ಷಣ ಹೇಳಿತ್ತು: ಜನ ಅದನ್ನು ಎಸ್‌ಯುವಿ ಎಂದು ಕರೆಯಬೇಕು, 1500 ಸಿಸಿ ಮೀರಬೇಕು, 4 ಮೀಟರ್ ಮೀರಬೇಕು, ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಮೇಲಿರಬೇಕು. ಅಂದರೆ ಆ ಲೆಕ್ಕದಲ್ಲಿ ನಿಮ್ಮ ಎಸ್‌ಯುವಿ ಎಸ್‌ಯುವಿಯೇ ಅಲ್ಲ. ಈ ಸಂಗತಿ ಷಡ್ಡಕನಿಗೆ ತಿಳಿಯದಂತೆ ನೋಡಿಕೊಳ್ಳಿ.

ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತಾಡಿ. ನೆಕ್ಸಾನಿನದು 208 ಮಿಲಿಮೀಟರ್. ಚಾರ್ಮಾಡಿ ಘಾಟಿ, ಬಾಬಾಬುಡನ್‌ಗಿರಿ, ಕಾಡು, ತೊರೆ ಎಂದೆಲ್ಲ ಹೇಳಿ. ನಿಜವಾಗಿ ಅದು ದಾಟಬೇಕಾಗಿರುವುದು ನಿಮ್ಮ ಬೀದಿಯ ಹಂಪನ್ನು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮಲಗಿದ ಎಮ್ಮೆಯ ಬೆನ್ನಿನ ಹಾಗೆ. ನಿಮ್ಮ ಬೀದಿಯದು ಯಾರದೋ ಮನೆಯ ಮೋಲ್ಡಿಂಗಿನಲ್ಲಿ ಉಳಿದ ಕಾಂಕ್ರೀಟಿನದು. ಅದಕ್ಕೆ ಅಳತೆ ಇಲ್ಲ, ಸಿಟ್ಟು ಮಾತ್ರ ಇದೆ.

ಶೋರೂಮಿಗೆ ಹೋಗುವಾಗ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಹಿಂದಿನ ಸೀಟಿಗೆ ಹತ್ತಲು ಅವರು ಮಂಡಿ ಹಿಡಿದುಕೊಂಡರೆ ನಿರ್ಧಾರಕ್ಕೆ ತೊಂದರೆ. ಟೆಸ್ಟ್ ಡ್ರೈವಿಗೆ ಸೇಲ್ಸಿನ ಹುಡುಗ ತೋರಿಸಿದ ರಸ್ತೆಯಲ್ಲೇ ಓಡಿಸಿ. ಆ ಒಂದೂವರೆ ಕಿಲೋಮೀಟರನ್ನು ಅವನು ಆರಿಸಿಟ್ಟುಕೊಂಡಿರುವುದಕ್ಕೆ ಕಾರಣವಿದೆ. ಸ್ಟೀರಿಂಗ್, ಬ್ರೇಕು ನೋಡಲು ಹೋಗಬೇಡಿ. ಪರದೆ ನೋಡಿ. 10.25 ಇಂಚಿಗೆ ಕಡಿಮೆ ಇದ್ದರೆ ಮುಖ ಸಿಂಡರಿಸಿ. ಆಮೇಲೆ ಸನ್‌ರೂಫ್ ತೆಗೆಸಿ, ಅದರೊಳಗಿಂದ ಮೇ ತಿಂಗಳ ಬೆಂಗಳೂರನ್ನು ಒಮ್ಮೆ ಕಣ್ತುಂಬ ನೋಡಿ ಮುಚ್ಚಿಸಿ. ಇನ್ನು ಅದನ್ನು ತೆರೆಯುವ ಪ್ರಸಂಗ ಬರುವುದಿಲ್ಲ.

ಆ ಸನ್‌ರೂಫಿಗಾಗಿ ಹತ್ತು ಲಕ್ಷದ ಗೆರೆಯನ್ನು ಚೂರೇ ಚೂರು ದಾಟಿ. ಇದು ಬಹಳ ನಾಜೂಕಿನ ಕೆಲಸ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ. 14, ದಾಟಿದರೆ ಶೇ. 17, ಮೇಲೆ ಸೆಸ್ ಬೇರೆ. ಬೆಲೆ 9.90 ಲಕ್ಷದಿಂದ 10.10 ಲಕ್ಷಕ್ಕೆ ಏರಿದರೆ ವ್ಯತ್ಯಾಸ ಇಪ್ಪತ್ತೇ ಸಾವಿರ, ತೆರಿಗೆಯ ವ್ಯತ್ಯಾಸ ಮೂವತ್ತಮೂರು ಸಾವಿರ. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಅಂದರೆ, "ಲೈಫ್‌ಟೈಮ್ ಟ್ಯಾಕ್ಸ್ ಕಣೇ, ಒಂದೇ ಸಲ ಕಟ್ಟೋದು" ಎನ್ನಿ. ಬಿಲ್ಲಿನ ಕೊನೆಯಲ್ಲಿ ಬರುವ ಹ್ಯಾಂಡ್ಲಿಂಗ್ ಚಾರ್ಜ್ ಏನೆಂದು ಕೇಳಬೇಡಿ. ನಾನೊಮ್ಮೆ ಕೇಳಿ, ಅವರು ಕೊಟ್ಟ ಕಾಫಿ ಆರುವವರೆಗೂ ಉತ್ತರಕ್ಕೆ ಕಾದೆ.

ಸಾಲವನ್ನು ಏಳು ವರ್ಷಕ್ಕೆ ಮಾಡಿ. ಹತ್ತು ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷವಾದರೆ ತಿಂಗಳಿಗೆ ಸುಮಾರು 20,760 ಕಟ್ಟಬೇಕು. ಏಳಾದರೆ 16,090 ಸಾಕು. ತಿಂಗಳಿಗೆ ನಾಲ್ಕೂವರೆ ಸಾವಿರಕ್ಕೂ ಮೇಲೆ ಉಳಿತಾಯ! ಒಟ್ಟಿನಲ್ಲಿ ಒಂದು ಲಕ್ಷಕ್ಕೂ ಮೀರಿ ಹೆಚ್ಚುವರಿ ಬಡ್ಡಿ ಹೋಗುತ್ತದೆ ಎನ್ನುವುದನ್ನು ಕಾಮರ್ಸ್ ಓದುತ್ತಿರುವ ಮಗಳು ಕಂಡುಹಿಡಿಯುವ ಮೊದಲೇ ಸಹಿ ಹಾಕಿಬಿಡಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಮೊದಲು ಪಡೆದ ಭಾರತದ ಕಾರು ಯಾವುದು, ಭಾರತ್ ಎನ್‌ಕ್ಯಾಪ್ ಯಾವಾಗ ಬಂತು, ಎಲ್ಲವೂ ನಾಲಿಗೆಯ ತುದಿಯಲ್ಲಿರಲಿ. ಆರು ಏರ್‌ಬ್ಯಾಗ್ ಇರಲೇಬೇಕೆಂದು ಪಟ್ಟು ಹಿಡಿಯಿರಿ. ಕಾರು ಮನೆಗೆ ಬಂದ ಮೇಲೆ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ, ಅದರ ಮೇಲೆ ಒರಗಿ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸಿ.

ಮನೆಯ ಗೇಟನ್ನು ಕಾರು ಕೊಂಡ ಮೇಲೆಯೇ ಅಳೆಯಿರಿ. ಮಾರುತಿ 800ರ ಕಾಲದಲ್ಲಿ ಕಟ್ಟಿಸಿದ ಮನೆ. ಆ ಕಾರಿನ ಅಗಲ 1440 ಮಿಲಿಮೀಟರ್. ಈಗಿನದು 1800ರ ಆಸುಪಾಸು, ಅದೂ ಕನ್ನಡಿ ಬಿಟ್ಟು. ಒಂದು ಕಡೆ ಕಾಂಪೌಂಡಿನ ಗೋಡೆ, ಇನ್ನೊಂದು ಕಡೆ ತುಳಸಿಕಟ್ಟೆ. ತುಳಸಿಯನ್ನು ಕುಂಡಕ್ಕೆ ಹಾಕಿ ಟೆರೇಸಿಗೆ ಒಯ್ಯೋಣ ಎಂದು ಅಮ್ಮನಿಗೆ ಹೇಳಿ ನೋಡಿ. ಅವರು ಏನೂ ಅನ್ನುವುದಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ದೀಪ ಹಚ್ಚಿ, ಕಟ್ಟೆಯ ಸುತ್ತ ನಿನ್ನೆಗಿಂತ ದೊಡ್ಡ ರಂಗೋಲಿ ಹಾಕಿರುತ್ತಾರೆ. ಕಾರನ್ನು ಬೀದಿಯಲ್ಲಿ ನಿಲ್ಲಿಸಲು ಅಭ್ಯಾಸ ಮಾಡಿಕೊಳ್ಳಿ. ಚಕ್ರಕ್ಕೆ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಕುಂಬಳಕಾಯಿ ಒಡೆದು ಮೂರನೇ ದಿನಕ್ಕೆ ಎಡಗಡೆಯ ಬಾಗಿಲಿಗೆ ಮೊದಲ ಗೀರು ಬೀಳುತ್ತದೆ. ಯಾರು ಮಾಡಿದ್ದೆಂದು ಹುಡುಕಬೇಡಿ, ನೀವೇ ಇರಬಹುದು.

ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ. ಅವರು ಹೇಳಿದ ಬೆಲೆ ಕೇಳಿ ಗಂಟಲು ಕಟ್ಟಿದರೆ, ಬೋನಸ್ಸನ್ನು ಸೇರಿಸಿ ಇನ್ನೊಮ್ಮೆ ಕೇಳಿ. ಗಾಜಿನ ಮೇಲಿನ ಗಣೇಶನ ಸ್ಟಿಕ್ಕರ್ ಕೀಳಲು ಕೂರಬೇಡಿ, ಬರುವುದಿಲ್ಲ.

ಎರಡು ತಿಂಗಳ ನಂತರ ನಿಮ್ಮ ಗಲ್ಲಿಯಲ್ಲಿ, ಎರಡೂ ಬದಿ ಬೈಕುಗಳು ನಿಂತಿರುವಲ್ಲಿ, ಎದುರಿಗೆ ಆ ಗಣೇಶ ಬರುತ್ತಾನೆ. ಓಡಿಸುತ್ತಿರುವವನು ನಿಮ್ಮ ಮೆಕ್ಯಾನಿಕ್. ಕೈಯಿಂದ ಕೈಗೆ ದಾಟಿ ಕೊನೆಗೆ ಅವನ ಪಾಲಿಗೇ ಬಂದಿದೆ. ಗಾಬರಿಯಾಗಬೇಡಿ. ನಿಮ್ಮ ಕನ್ನಡಿಗಳನ್ನು ಮಡಚಿ ಅಲ್ಲೇ ನಿಲ್ಲಿ. ಅವನು ಪಕ್ಕದಲ್ಲಿ ಸಲೀಸಾಗಿ ನುಸುಳಿಕೊಂಡು ಬಂದು ನಿಲ್ಲಿಸುತ್ತಾನೆ. ಹಿಂದಿನ ಗಾಜು ಪೂರ್ತಿ ಇಳಿದಿರುವುದು ಕಾಣುತ್ತದೆ. "ಸೂಪರ್ ಗಾಡಿ ಸಾರ್. ಮೈಲೇಜ್ ಎಷ್ಟು ಕೊಡ್ತೈತೆ?" ಎಂದು ತಲೆ ಒಳಗೆ ಹಾಕುತ್ತಾನೆ. ಹದಿನೆಂಟು ಎನ್ನಿ. ಹೇಳುವಾಗ ಪರದೆಯ ಮೇಲಿನ 9.4ಕ್ಕೆ ಎಡಗೈ ಅಡ್ಡ ಇಡಿ. 10.25 ಇಂಚಿಗೆ ಒಂದು ಅಂಗೈ ಸಾಲದು, ಬಲಗೈಯನ್ನೂ ಬಳಸಿ.